ಗುತ್ತಿಗೆಯ ನೌಕರಿಗೆ ಎಷ್ಟು ವಿದ್ಯೆ ಬೇಕು?

ಹೋದ ವರ್ಷ ಶ್ರಾವಣದ ಒಂದು ಸಂಜೆ ನಾನು ನರಗುಂದದ ಬಸ್ ನಿಲ್ದಾಣದಲ್ಲಿ ರೋಣದ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಪರಿಚಯದ ರೈತರೊಬ್ಬರು ಹತ್ತಿರ ಬಂದು, ಅಂಗಿಯ ಕಿಸೆಯಿಂದ ಮೊಬೈಲು ತೆಗೆದು ನನ್ನ ಕೈಯಲ್ಲಿಟ್ಟರು. ಅವರ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷವಾಗಿತ್ತು. ಬೆಂಗಳೂರಿನ ಏಜನ್ಸಿಯೊಂದು ಅವನಿಗೆ ಒಂದು ಜಾಹೀರಾತು ಕಳಿಸಿತ್ತು. ನೌಕರಿ ಆರು ತಿಂಗಳ ಗುತ್ತಿಗೆಯದು. ಬರಬೇಕಾದ ವಿದ್ಯೆಗಳು ಹನ್ನೊಂದು. ಜಾವಾ, ಸ್ಪ್ರಿಂಗ್, ಆಂಗ್ಯುಲರ್, ರಿಯಾಕ್ಟ್, ಎಸ್‌ಕ್ಯೂಎಲ್, ಮೊಂಗೋ, ಅಮೆಜಾನಿನ ಕ್ಲೌಡ್, ಡಾಕರ್, ಕುಬರ್ನೆಟೀಸ್, ಜೆಂಕಿನ್ಸ್, ಮೇಲೆ ಟೆಸ್ಟಿಂಗ್. ಕೊನೆಯ ಸಾಲಿನಲ್ಲಿ, 'ಬಂದ ದಿನದಿಂದಲೇ ಕೆಲಸ ಮಾಡತಕ್ಕವರು ಮಾತ್ರ ಅರ್ಜಿ ಹಾಕಬೇಕು.'

"ಮಾಸ್ತರ್ರ, ಇಷ್ಟೂ ಒಬ್ಬನಿಗೇ ಬರಬೇಕನ್ರಿ? ಹಂಗಾದ್ರ ಇವಾ ನಾಕ ವರ್ಷ ಕಲತದ್ದು ಏನ್ರಿ?" ಎಂದು ಅವರು ಕೇಳಿದರು. ಮಗನು ಈಗ ಮತ್ತೆರಡು ಕೋರ್ಸು ಮಾಡಬೇಕೆನ್ನುತ್ತಿದ್ದಾನೆ, ಒಂದೊಂದಕ್ಕೆ ಮೂವತ್ತು ಸಾವಿರ, ಬ್ಯಾಂಕಿನ ಶಿಕ್ಷಣ ಸಾಲದ ಕಂತು ಬೇರೆ ಶುರುವಾಗಿದೆ ಎಂದೂ ಹೇಳಿದರು.

ನಾನು ಅವಸರದಲ್ಲಿ ಏನೋ ಒಂದು ಉತ್ತರ ಕೊಟ್ಟು ಬಸ್ಸು ಹತ್ತಿದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಇದೇ ಪ್ರಶ್ನೆ ಏಳುತ್ತಿರುವದು ನನಗೆ ಗೊತ್ತು. ಹತ್ತು ವಿದ್ಯೆಯನ್ನು ತುಸು ತುಸು ಕಲಿಯಬೇಕೆ, ಒಂದನ್ನೇ ಬುಡಮಟ್ಟ ಕಲಿಯಬೇಕೆ? ನಾನು 1999 ರಲ್ಲಿ ಬೆಂಗಳೂರಿಗೆ ಹೋಗಿ, 22 ವರ್ಷ ಈ ಕಸಬು ಮಾಡಿ, ಅದರಲ್ಲಿ 9 ವರ್ಷ ಗುತ್ತಿಗೆಯ ಮೇಲೆಯೇ ದುಡಿದು, ಈಗ ಊರಿಗೆ ಬಂದು ಹುಡುಗರಿಗೆ ಪಾಠ ಹೇಳುತ್ತಿರುವವನು. ಆ ತಂದೆಗೆ ಹೇಳಬೇಕಾಗಿದ್ದುದನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಆ ಹನ್ನೊಂದು ವಿದ್ಯೆಯ ಯಾದಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿರಿ. ದೂರದ ಯಾವುದೋ ಬ್ಯಾಂಕಿನ ಕೆಲಸ ಬೆಂಗಳೂರಿನಲ್ಲಿ ನಡೆದಿರುತ್ತದೆ. ಎಂಟು ಜನರ ತಂಡದಲ್ಲಿ ಒಬ್ಬನು ಬಿಟ್ಟು ಹೋಗುತ್ತಾನೆ. ಅವನ ಜಾಗಕ್ಕೆ ಒಬ್ಬರು ಬೇಕೆಂದು ತಂಡದ ಮುಖ್ಯಸ್ಥನು ನಾಲ್ಕು ಸಾಲು ಬರೆಯುತ್ತಾನೆ. ಅದು ಕಂಪನಿಯ ನೇಮಕಾತಿ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಹಿಂದಿನ ಜಾಹೀರಾತಿನ ಆರು ಸಾಲು ಅದಕ್ಕೆ ಅಂಟುತ್ತವೆ. ಅಲ್ಲಿಂದ ಜನ ಒದಗಿಸುವ ಏಜನ್ಸಿಗೆ ಹೋಗುತ್ತದೆ. ಏಜನ್ಸಿಯವನಿಗೆ ಜಾವಾ ಯಾವದು, ಜೆಂಕಿನ್ಸ್ ಯಾವದು ಎಂಬ ಭೇದ ಅನೇಕ ವೇಳೆ ತಿಳಿದಿರುವದಿಲ್ಲ. ಯಾವದನ್ನೂ ಬಿಡದಿರುವದೇ ಅವನಿಗೆ ಕ್ಷೇಮ. ಹೀಗೆ ಎಂಟು ಜನರಿಗೆ ಕೂಡಿ ಬರುವ ವಿದ್ಯೆಯೆಲ್ಲ ಒಬ್ಬನ ತಲೆಯ ಮೇಲೆ ಬಂದು ಕೂಡುತ್ತದೆ. ಇದನ್ನು ನಾನು ಹೊರಗಿನಿಂದ ಕೇಳಿ ಹೇಳುತ್ತಿಲ್ಲ. ತಂಡದ ಮುಖ್ಯಸ್ಥನಾಗಿದ್ದಾಗ ಅಂಥ ಯಾದಿಗಳನ್ನು ನಾನೂ ಬರೆದಿದ್ದೇನೆ. ಒಂದರಲ್ಲಿ ಬರೆದ ಒಂಬತ್ತು ವಿದ್ಯೆಗಳಲ್ಲಿ ನಾಲ್ಕು ನನಗೇ ಬರುತ್ತಿರಲಿಲ್ಲ.

ಅಂದಮೇಲೆ ಯಾದಿ ಸುಳ್ಳೆ? ಪೂರ್ತಿ ಸುಳ್ಳಲ್ಲ. ಅದರೊಳಗೆ ಒಂದೋ ಎರಡೋ ವಿದ್ಯೆಗಳು ನಿಜವಾಗಿ ಬೇಕಾದವು. ಬಿಟ್ಟು ಹೋದವನ ಕೈಯಲ್ಲಿದ್ದ ಕೆಲಸ ಅವು. ಉಳಿದವನ್ನು ಬಂದಮೇಲೆ ನೋಡಿ ತಿಳಿದುಕೊಂಡರೆ ನಡೆಯುತ್ತದೆ. ಆದರೆ ಯಾವ ಎರಡು ಎಂಬುದು ಜಾಹೀರಾತಿನಲ್ಲಿ ಕಾಣುವದಿಲ್ಲ. ಫೋನಿನಲ್ಲಿ ಕೇಳಬೇಕು: "ಮೊದಲನೆಯ ತಿಂಗಳು ಈ ಮನುಷ್ಯ ಕೂತು ಮಾಡುವ ಕೆಲಸ ಯಾವದು?" ಈ ಒಂದು ಪ್ರಶ್ನೆಗೆ ಏಜನ್ಸಿಯವನು ತಡವರಿಸಿದರೆ ಅವನಿಗೂ ಗೊತ್ತಿಲ್ಲವೆಂದೇ ತಿಳಿಯಿರಿ.

ಗುತ್ತಿಗೆಯ ನೌಕರಿಗೂ ಕಾಯಂ ನೌಕರಿಗೂ ಇರುವ ಭೇದವನ್ನು ನಮ್ಮ ಕಡೆಯ ಮಂದಿ ಪಗಾರದಲ್ಲಿ ಅಳೆಯುತ್ತಾರೆ, ಇಲ್ಲವೆ ಭದ್ರತೆಯಲ್ಲಿ ಅಳೆಯುತ್ತಾರೆ. ನನ್ನ ಅನುಭವದಲ್ಲಿ ದೊಡ್ಡ ಭೇದ ಬೇರೆ ಕಡೆಗಿದೆ. ಕಾಯಂ ನೌಕರಿಗೆ ಹೊಸಬರನ್ನು ತೆಗೆದುಕೊಳ್ಳುವ ದೊಡ್ಡ ಕಂಪನಿಗಳು ಅವರಿಗೆ ಮೊದಲು ಪಾಠ ಹೇಳುತ್ತವೆ. ಇನ್ಫೋಸಿಸ್ ಕಂಪನಿಯವರು ಇದಕ್ಕೆಂದೇ ಮೈಸೂರಿನಲ್ಲಿ 2005 ರಲ್ಲಿ ಒಂದು ದೊಡ್ಡ ಶಿಕ್ಷಣ ಕೇಂದ್ರವನ್ನೇ ತೆರೆದರು; ಅಲ್ಲಿ ಸೇರಿದ ಹುಡುಗರು ತಿಂಗಳುಗಟ್ಟಲೆ ಕಲಿಯುತ್ತಾರೆ, ಕಲಿಯುವಾಗಲೂ ಪಗಾರ ಬರುತ್ತದೆ. ಕಲಿಸುವ ಖರ್ಚು ಕಂಪನಿಯದು. ಗುತ್ತಿಗೆಯವನನ್ನು ಕರೆಯುವವನು ತಾಸಿನ ಲೆಕ್ಕದಲ್ಲಿ ಹಣ ಕೊಡುತ್ತಾನೆ. ಕಲಿಯುವ ತಾಸಿಗೆ ಅವನು ಏಕೆ ಕೊಡಬೇಕು? 'ಬಂದ ದಿನದಿಂದಲೇ ಕೆಲಸ' ಎಂಬ ಆ ಕೊನೆಯ ಸಾಲಿನ ಅರ್ಥ ಇಷ್ಟೆ: ಕಲಿಸುವ ಖರ್ಚು ಕಂಪನಿಯ ಖಾತೆಯಿಂದ ದಾಟಿ ನರಗುಂದದ ರೈತನ ಖಾತೆಗೆ ಬಂದಿದೆ. ಮೂವತ್ತು ಸಾವಿರದ ಕೋರ್ಸು ಎಂದರೆ ಅದೇ.

ಇದು ನಮಗೆ ಹೊಸದೇನೂ ಅಲ್ಲ. ಗಜೇಂದ್ರಗಡದ ಓಣಿಗಳನ್ನು ನೆನೆಯಿರಿ. ಅಲ್ಲಿಯ ಪಟ್ಟೇದಂಚಿನ ಹತ್ತಿ ಸೀರೆ ಹೆಸರಾದದ್ದು. ಕುಣಿಮಗ್ಗಗಳು ಈಗ ಕಡಿಮೆಯಾಗಿದ್ದರೂ ನೇಕಾರರ ಮನೆಯ ಲೆಕ್ಕ ಬಲ್ಲವರು ನಿಮ್ಮಲ್ಲಿ ಅನೇಕರಿರಬಹುದು. ಮಾಲಕನು ನೂಲು ಕೊಡುತ್ತಾನೆ, ನೆಯ್ದ ಸೀರೆ ಒಯ್ಯುತ್ತಾನೆ, ಸೀರೆಗೆ ಇಷ್ಟು ಎಂದು ಕೂಲಿ ಕೊಡುತ್ತಾನೆ. ಹುಬ್ಬಳ್ಳಿಯಲ್ಲಿ ಕಚೇರಿಯುಳ್ಳ, 1975 ರಲ್ಲಿ ಸ್ಥಾಪನೆಯಾದ ನಮ್ಮ ಕೈಮಗ್ಗ ಅಭಿವೃದ್ಧಿ ನಿಗಮವೂ ನೂಲು ಕೊಟ್ಟು, ಬಟ್ಟೆ ತೆಗೆದುಕೊಂಡು, ಮಜೂರಿ ಕೊಡುವ ಪದ್ಧತಿಯನ್ನೇ ನಡೆಸಿಕೊಂಡು ಬಂದದ್ದು. ಕೂಲಿಯ ಎಣಿಕೆ ಸೀರೆಯ ಮೇಲೆ. ಆದರೆ ಸೀರೆಯಾಗುವ ಮೊದಲು ಮನೆಯಲ್ಲಿ ನಡೆಯುವ ಕೆಲಸ ಎಷ್ಟು! ಹೆಣ್ಣುಮಕ್ಕಳು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತಬೇಕು. ಹಾಸು ಹೂಡಬೇಕು, ಎಳೆ ಕಡಿದರೆ ಗಂಟು ಹಾಕಬೇಕು, ಹಣಿಗೆಯಲ್ಲಿ ಒಂದೊಂದೇ ಎಳೆ ಪೋಣಿಸಬೇಕು. ಆ ತಾಸುಗಳನ್ನು ಬೇರೆಯಾಗಿ ಯಾರೂ ಎಣಿಸುವದಿಲ್ಲ. ಬೆಂಗಳೂರಿನ ಗುತ್ತಿಗೆಯವನು ರಾತ್ರಿ ಹತ್ತರ ಮೇಲೆ ಬಾಡಿಗೆಯ ಖೋಲಿಯಲ್ಲಿ ಕೂತು ಹೊಸ ವಿದ್ಯೆ ಕಲಿಯುವದು ಇಂಥ ಕಂಡಿಕೆ ಸುತ್ತುವ ಕೆಲಸ. ವಾರದ ಕೊನೆಗೆ ಅವನು ತುಂಬಿ ಕಳಿಸುವ ತಾಸಿನ ಪಟ್ಟಿಯಲ್ಲಿ ಅದಕ್ಕೆ ಮನೆಯಿಲ್ಲ.

ಅದೇ ಓಣಿಯಲ್ಲಿ ನಾನು ಇನ್ನೊಂದನ್ನೂ ನೋಡಿದ್ದೇನೆ. ಹಾಸಿನ ಬಿಗಿ ಎಷ್ಟಿರಬೇಕು, ಎಳೆ ಯಾಕೆ ಕಡಿಯುತ್ತದೆ ಎಂಬುದನ್ನು ಬಲ್ಲ ನೇಕಾರನು ಹತ್ತಿಯಿಂದ ರೇಷ್ಮೆಗೆ ಹೋಗಬೇಕಾದರೆ ಕೆಲವು ವಾರಗಳಲ್ಲಿ ಹೋಗುತ್ತಾನೆ. ಕೈ ಅದಾಗಲೇ ಅರ್ಧ ಕಲಿತಿರುತ್ತದೆ. ಹತ್ತು ತರದ ಸೀರೆ ನೆಯ್ಯುವದನ್ನು ಬರೀ ನೋಡಿ ಬಂದವನಿಗೆ ಆ ಹತ್ತರಲ್ಲಿ ಒಂದೂ ನೆಟ್ಟಗೆ ಬರುವದಿಲ್ಲ. ಆಳವೂ ಅಗಲವೂ ಒಂದಕ್ಕೊಂದು ವೈರಿಗಳೆಂದು ತಿಳಿದವರು ಇದನ್ನು ಗಮನಿಸಬೇಕು. ಒಂದನ್ನು ಬುಡದಿಂದ ಬಲ್ಲವನಿಗೆ ಎರಡನೆಯದು ಬೇಗ ಬರುತ್ತದೆ, ಮೂರನೆಯದು ಇನ್ನೂ ಬೇಗ. ಅಗಲವು ಆಳದಿಂದ ಬರಬಹುದು. ಅಗಲದಿಂದ ಆಳ ಬಂದುದನ್ನು ನಾನು ಕಂಡದ್ದು ಕಡಿಮೆ.

ನನ್ನದೇ ಒಂದು ಫಜೀತಿಯನ್ನು ಹೇಳಿಬಿಡುತ್ತೇನೆ. 2009 ರಲ್ಲಿ ಜಗತ್ತಿನಲ್ಲೆಲ್ಲ ಹಣಕಾಸಿನ ಮುಗ್ಗಟ್ಟು ಬಂದಾಗ ನಾನಿದ್ದ ಕಡೆ ಮೊದಲು ತೆಗೆದದ್ದು ಗುತ್ತಿಗೆಯವರನ್ನು. ನಾಲ್ಕು ತಿಂಗಳು ಕೆಲಸವಿಲ್ಲ. ಒಂದು ಏಜನ್ಸಿಯವರು ನನ್ನ ಪರಿಚಯಪತ್ರವನ್ನು ತರಿಸಿಕೊಂಡು, ಅದರಲ್ಲಿದ್ದ ನಾಲ್ಕು ವಿದ್ಯೆಯನ್ನು ಹದಿಮೂರು ಮಾಡಿ ಕಳಿಸಿದರು. ನನಗೆ ತೋರಿಸಿಯೇ ಕಳಿಸಿದರು. ನಾನು ಬೇಡವೆನ್ನಲಿಲ್ಲ, ಮನೆಯಲ್ಲಿ ಮಗು ಚಿಕ್ಕದು. ಫೋನಿನ ಸಂದರ್ಶನ ಹೇಗೋ ಪಾರಾಯಿತು. ಕೆಲಸಕ್ಕೆ ಹೋದ ಎರಡನೆಯ ವಾರ, ಆ ಹದಿಮೂರರಲ್ಲಿ ಒಂದಾದ ಸಾಧನದಲ್ಲಿಯೇ ದೋಷ ಬಂದಿತು. ಅದನ್ನು ನನ್ನ ಮುಂದಿಟ್ಟರು. ನಾನು ಆ ಸಾಧನದ ಹೆಸರನ್ನು ಬಲ್ಲೆ, ಅದರ ಮುಖವನ್ನು ಕಂಡಿರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟರೂ ಬಗೆಹರಿಯಲಿಲ್ಲ. ಮೂರನೆಯ ವಾರದ ಶುಕ್ರವಾರ ಗುರುತಿನ ಚೀಟಿ ತಿರುಗಿ ಕೊಟ್ಟು ಹೊರಬಿದ್ದೆ. ಕಳೆದ ಪಗಾರಕ್ಕಿಂತ, ನನಗೆ ಚೆನ್ನಾಗಿ ಬರುತ್ತಿದ್ದ ನಾಲ್ಕು ವಿದ್ಯೆಗಳ ಬಗ್ಗೆಯೂ ಅಲ್ಲಿಯವರು ಸಂಶಯಪಟ್ಟರಲ್ಲ, ಆ ನಾಚಿಕೆ ಬಹಳ ದಿನ ಉಳಿಯಿತು.

ಆಳವೆಂದರೆ ಏನು, ಎಂದು ನೀವು ಕೇಳಬಹುದು. ಕಂಪ್ಯೂಟರಿನ ಕೆಲಸ ಕಾಣದವರಿಗೂ ತಿಳಿಯುವ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಹೊಲಗಳ ಪಹಣಿ ಈಗ ಕಂಪ್ಯೂಟರಿನಿಂದ ಬರುತ್ತದಷ್ಟೆ. 'ಭೂಮಿ' ಎಂಬ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, 2002 ರ ಹೊತ್ತಿಗೆ ತಾಲೂಕುಗಳಲ್ಲಿ ಪಹಣಿ ಕೊಡಲಾರಂಭಿಸಿದರು. ರೋಣದ ಕಚೇರಿಯಲ್ಲಿ ನೀವು ಊರಿನ ಹೆಸರು, ಸರ್ವೆ ನಂಬರು ಹೇಳಿದ ಸ್ವಲ್ಪ ಹೊತ್ತಿನಲ್ಲಿ ಕಾಗದ ಕೈಗೆ ಬರುತ್ತದೆ. ಇಂಥ ರಾಶಿಯಲ್ಲಿ ಒಂದನ್ನು ಹುಡುಕುವದು ಹೇಗೆ? ಮೊದಲನೆಯದರಿಂದ ಕೊನೆಯವರೆಗೆ ಒಂದೊಂದನ್ನೇ ತಿರುವಿ ಹಾಕುತ್ತ ಹೋದರೆ ದಿನ ಮುಳುಗೀತು. ದಪ್ಪ ಪುಸ್ತಕದ ಕೊನೆಗೆ ಪದಸೂಚಿ ಇರುತ್ತದಲ್ಲ, ಹಾಗೆ ದಾಖಲೆಗಳಿಗೂ ಒಂದು ಸೂಚಿ ಮಾಡಿಟ್ಟಿರುತ್ತಾರೆ.

ಇಂಥ ದಾಖಲೆಗಳನ್ನು ಕೇಳಿ ಪಡೆಯುವ ಭಾಷೆಯೇ ಎಸ್‌ಕ್ಯೂಎಲ್. ಅದರ ಹತ್ತು ವಾಕ್ಯಗಳನ್ನು ಒಂದು ವಾರದಲ್ಲಿ ಯಾರೂ ಕಲಿಯಬಹುದು. ಪರಿಚಯಪತ್ರದಲ್ಲಿ ಅದರ ಹೆಸರನ್ನೂ ಬರೆಯಬಹುದು. ಆದರೆ ಒಂದು ದಿನ ಯಾವದೋ ಪ್ರಶ್ನೆಗೆ ಯಂತ್ರ ಎರಡು ಕ್ಷಣದ ಬದಲು ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಸೂಚಿ ಇಲ್ಲವೆ? ಇದ್ದೂ ಯಂತ್ರ ಅದನ್ನು ಬಿಟ್ಟು ನಡೆದಿದೆಯೆ? ಬಿಟ್ಟಿದ್ದರೆ ನಾವು ಕೇಳಿದ ರೀತಿಯೇ ತಪ್ಪೆ? ಇದನ್ನು ಹೆದರದೆ ಒಂದೊಂದಾಗಿ ಬಿಡಿಸಿ ನೋಡಬಲ್ಲವನಿಗೆ ಆಳ ಇದೆ ಎನ್ನಬೇಕು. ಗುತ್ತಿಗೆಯವನನ್ನು ಕರೆತಂದು ಕೂಡಿಸುವದೇ ಇಂಥ ದಿನಕ್ಕಾಗಿ.

ಆಳಕ್ಕೆ ಇಳಿಯುವ ಜಾಗವನ್ನು ಮಾತ್ರ ನೋಡಿ ಆರಿಸಬೇಕು. ಫ್ಲ್ಯಾಶ್ ಎಂಬ ಸಾಧನದಲ್ಲಿ ಪ್ರವೀಣರಾದವರನ್ನು ನಾನು ಬೆಂಗಳೂರಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅದನ್ನು ನಡೆಸುತ್ತಿದ್ದ ಕಂಪನಿಯೇ 2020 ರ ಡಿಸೆಂಬರ 31 ಕ್ಕೆ ಅದಕ್ಕೆ ಬಾಗಿಲು ಹಾಕಿತು. ಆ ರೈತರ ಮಗನ ಯಾದಿಯಲ್ಲಿದ್ದ ಆಂಗ್ಯುಲರ್ ಎಂಬುದರ ಮೊದಲ ರೂಪ 2010 ರಲ್ಲಿ ಬಂದಿತು. 2016 ರಲ್ಲಿ ಅದನ್ನು ಬುಡದಿಂದ ಬೇರೆಯಾಗಿ ಕಟ್ಟಿದರು, ಹಳೆಯದು ಹೊಸದಕ್ಕೆ ಹೊಂದಲಿಲ್ಲ. 2021 ರ ಕೊನೆಗೆ ಹಳೆಯದಕ್ಕೆ ಆಸರೆಯೂ ನಿಂತಿತು. ಮೊದಲ ರೂಪವನ್ನಷ್ಟೇ ಬಾಯಿಪಾಠ ಮಾಡಿದವರು ಮತ್ತೆ ಒಂದನೆಯ ಇಯತ್ತೆಗೆ ಬಂದು ಕೂತರು. ಅದರ ಕೆಳಗಿರುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನೇ ಬಲ್ಲವರಿಗೆ ಅಷ್ಟು ತೊಂದರೆಯಾಗಲಿಲ್ಲ. ಅದು 1995 ರಲ್ಲಿ ಹುಟ್ಟಿ ಇಂದಿಗೂ ನಡೆದಿದೆ. ಎಸ್‌ಕ್ಯೂಎಲ್ 1974 ರ ಹೊತ್ತಿನದು. ಐವತ್ತು ವರ್ಷ ದಾಟಿದರೂ ಬ್ಯಾಂಕಿನಿಂದ ಕಿರಾಣಿಯ ಲೆಕ್ಕದವರೆಗೆ ಅದಿಲ್ಲದೆ ಸಾಗುವದಿಲ್ಲ.

ಕೋಬಾಲ್ ಭಾಷೆಯ ಕಥೆ ಇನ್ನೂ ವಿಚಿತ್ರ. 1959 ರಲ್ಲಿ ರೂಪುಗೊಳ್ಳಲಾರಂಭಿಸಿದ ಭಾಷೆ ಅದು. ನಾನು ಬೆಂಗಳೂರಿಗೆ ಹೋದ ವರ್ಷ ಅದನ್ನು ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ. ಹಳೆಯ ಯಂತ್ರಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 1999 ಮುಗಿದು 2000 ಬಂದರೆ 00 ಎಂಬುದನ್ನು ಯಂತ್ರವು 1900 ಎಂದೇ ತಿಳಿದೀತೆಂಬ ಭಯ. ಅದನ್ನು ತಿದ್ದುವದಕ್ಕೆ ಸಾಲುಸಾಲಾಗಿ ಜನ ಬೇಕಾದರು. ನಮ್ಮ ಧಾರವಾಡ ಸೀಮೆಯ ಹುಡುಗರೂ ಕೆಲವರು ಮೂರು ತಿಂಗಳ ಕೋರ್ಸು ಮಾಡಿ ಅದರಲ್ಲಿ ಸೇರಿಕೊಂಡರು. 2000 ದ ಜನವರಿ ಒಂದು ಸುಗಮವಾಗಿ ಕಳೆಯಿತು, ಅವರ ಗುತ್ತಿಗೆಯೂ ಕಳೆಯಿತು. ಇಸವಿ ತಿದ್ದುವದೊಂದನ್ನೇ ಕಲಿತಿದ್ದವರು ಊರಿಗೆ ಮರಳಿದರು. ಅದೇ ಭಾಷೆಯಲ್ಲಿ ಬ್ಯಾಂಕಿನ ವ್ಯವಹಾರ ಹೇಗೆ ಬರೆದಿದೆ ಎಂಬುದನ್ನು ಕೂತು ಓದಿದ ಒಬ್ಬಿಬ್ಬರು ಮುಂದೆಯೂ ಅದರಲ್ಲಿಯೇ ಅನ್ನ ಕಂಡರು. ಅಮೇರಿಕೆಯ ನ್ಯೂಜರ್ಸಿ ರಾಜ್ಯದ ಗವರ್ನರರು 2020 ರ ಎಪ್ರಿಲ್‌ನಲ್ಲಿ, ಕೊರೋನಾದ ಹಾವಳಿಯಲ್ಲಿ, ಕೋಬಾಲ್ ಬಲ್ಲವರು ಯಾರಾದರೂ ಇದ್ದರೆ ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ನಿರುದ್ಯೋಗಿಗಳಿಗೆ ಹಣ ಕೊಡುವ ಅವರ ಯಂತ್ರಗಳು ಆಗಲೂ ಅದೇ ಭಾಷೆಯಲ್ಲಿ ನಡೆದಿದ್ದವು.

ಇಷ್ಟು ಹೇಳಿದ ಮಾತ್ರಕ್ಕೆ ಅಗಲವಾದ ತಿಳಿವಳಿಕೆಯನ್ನು ನಾನು ಹಳಿಯುತ್ತಿದ್ದೇನೆಂದು ತಿಳಿಯಬೇಡಿರಿ. ಗದಗಿನಲ್ಲಿಯೋ ರೋಣದಲ್ಲಿಯೋ ಪತ್ತಿನ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವವನನ್ನು ನೋಡಿರಿ. ಮುಂಜಾನೆ ಪ್ರಿಂಟರಿನಲ್ಲಿ ಸಿಕ್ಕ ಕಾಗದ ತೆಗೆಯುತ್ತಾನೆ, ಮಧ್ಯಾಹ್ನ ವೈರು ಎಳೆಯುತ್ತಾನೆ, ಸಂಜೆ ಟ್ಯಾಲಿಯಲ್ಲಿ ತಾಳೆಯಾಗದ ಜಮಾಖರ್ಚು ಹುಡುಕುತ್ತಾನೆ. ಅಲ್ಲಿ 'ನನಗೆ ಇದೊಂದೇ ಬರುತ್ತದೆ' ಎಂದವನ ಅಂಗಡಿ ನಡೆಯುವದಿಲ್ಲ. ಬೆಂಗಳೂರಿನಲ್ಲಿಯೂ ಗುತ್ತಿಗೆ ಮುಗಿಯುವ ತಿಂಗಳಲ್ಲಿ ಕೈ ಹಿಡಿಯುವದು ಅಗಲವೇ. ಒಂದು ಕಡೆ ಬಾಗಿಲು ಮುಚ್ಚಿದರೆ ನೆರೆಯ ಬಾಗಿಲು ಯಾವದೆಂದಾದರೂ ಗೊತ್ತಿರಬೇಕು. ನನ್ನನ್ನು 2009 ರಲ್ಲಿ ಕೆಡಿಸಿದ್ದು ಅಗಲವಲ್ಲ. ಇಲ್ಲದ ಅಗಲವನ್ನು ಇದೆಯೆಂದು ಬರೆದದ್ದು.

2022 ರ ನವೆಂಬರದಲ್ಲಿ ಚಾಟ್‌ಜಿಪಿಟಿ ಎಂಬುದು ಬಂದಮೇಲೆ ಈ ಮಾತಿಗೆ ಇನ್ನೊಂದು ತಿರುವು ಬಂದಿದೆ. ಕೇಳಿದ ಭಾಷೆಯಲ್ಲಿ ಪ್ರೋಗ್ರಾಮು ಬರೆದುಕೊಡುವ ಯಂತ್ರ ಈಗ ಹುಡುಗರ ಕೈಯಲ್ಲಿದೆ. ಹತ್ತು ಭಾಷೆಯ ಮೇಲುಮೇಲಿನ ಪರಿಚಯಕ್ಕೆ ಇದ್ದ ಬೆಲೆ ಇದರಿಂದ ಇಳಿದಿದೆ ಎಂದು ನನಗೆ ತೋರುತ್ತದೆ. ಯಂತ್ರ ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳುವವನು ಒಬ್ಬ ಬೇಕಲ್ಲ? ಅದು ತಪ್ಪನ್ನೂ ಬಹಳ ಧೈರ್ಯದಿಂದ ಬರೆಯುತ್ತದೆ. ನಾನು ಪಾಠ ಹೇಳುವ ಹುಡುಗರಿಗೆ ಅದನ್ನು ಬಳಸಬೇಡಿರೆಂದು ಹೇಳುವದಿಲ್ಲ; ಅದು ಬರೆದ ಪ್ರತಿ ಸಾಲು ಏಕೆ ಹಾಗಿದೆ ಎಂದು ಮರುದಿನ ನನಗೆ ಹೇಳಬೇಕು, ಅಷ್ಟೆ. ಹತ್ತರಲ್ಲಿ ಮೂವರು ಹೇಳುತ್ತಾರೆ.

ಹಾಗಾದರೆ ಕ್ರಮ ಯಾವದು? ನಮ್ಮ ಎರೆಹೊಲದ ಕ್ರಮವೇ ನನಗೆ ಸರಿ ಕಾಣುತ್ತದೆ. ಕರಿಕೆಯ ಬೇರು ಕೀಳಬೇಕಾದರೆ ಹಿರಿಯರು ಒಮ್ಮೆ ರಂಟೆ ಹೂಡಿ ಆಳವಾಗಿ ಹೊಡೆಯುತ್ತಿದ್ದರು. ಅದು ಎತ್ತಿಗೂ ಆಳಿಗೂ ದಣಿವಿನ ಕೆಲಸ, ವರ್ಷವರ್ಷ ಮಾಡುವದಲ್ಲ. ಆಮೇಲೆ ಮಳೆ ನೋಡಿಕೊಂಡು ಕುಂಟೆ ಹೊಡೆದು ಮೇಲುಮೇಲೆ ಹರಗುತ್ತ ಹೋದರೆ ಸಾಕು. ಮೊದಲ ಒಂದೂವರೆ ವರ್ಷ ಹುಡುಗನು ಒಂದು ಭಾಷೆ, ಅದರ ಜೊತೆಗೆ ಎಸ್‌ಕ್ಯೂಎಲ್, ಇವೆರಡರಲ್ಲಿ ರಂಟೆ ಹೊಡೆಯಲಿ. ತಾನೇ ಒಂದು ವಸ್ತು ಕಟ್ಟಲಿ. ತಂದೆಯ ಹೊಲದ ಜಮಾಖರ್ಚೇ ಇರಲಿ, ಓಣಿಯ ನೇಕಾರನ ನೂಲಿನ ಲೆಕ್ಕವೇ ಇರಲಿ, ಅದನ್ನು ಇನ್ನೊಬ್ಬರು ದಿನಾಲು ಬಳಸುವಂತಿರಬೇಕು; ಬಳಸುವವರು ಬೈದಾಗ ತಿದ್ದಬೇಕು. ಅಲ್ಲಿಂದ ಮುಂದೆ ಡಾಕರ್, ಕ್ಲೌಡ್ ಮೊದಲಾದವುಗಳ ಪರಿಚಯಕ್ಕೆ ವಾರಗಳು ಸಾಕು, ಮೂವತ್ತು ಸಾವಿರ ಬೇಕಿಲ್ಲ. ಪರಿಚಯಪತ್ರದಲ್ಲಿ, ಹತ್ತು ನಿಮಿಷ ಎದುರು ಕೂತು ಪ್ರಶ್ನೆ ಕೇಳಿದರೆ ನಿಲ್ಲಬಲ್ಲ ವಿದ್ಯೆಗಳನ್ನು ಮೊದಲು ಬರೆಯಲಿ. ಉಳಿದವನ್ನು 'ಪರಿಚಯ ಉಂಟು' ಎಂದು ಕೆಳಗೆ ಬೇರೆ ಬರೆಯಲಿ. ಹೀಗೆ ಬೇರೆ ಮಾಡಿ ಬರೆದವನ ಕಾಗದವನ್ನು ನಾನಂತೂ ಮೊದಲು ಓದುತ್ತಿದ್ದೆ.

ತಂದೆತಾಯಿಗಳಿಗೆ ಒಂದೆರಡು ಮಾತು ಬೇರೆ ಹೇಳಬೇಕು. ಹಣ ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ ಮಾಡಿಕೊಡುತ್ತೇವೆ ಎನ್ನುವವರು ನಿಮ್ಮ ಮನೆಗೂ ಫೋನು ಮಾಡಿಯಾರು. 2014 ರಿಂದ ಭವಿಷ್ಯನಿಧಿಯ ಪ್ರತಿಯೊಬ್ಬ ಸದಸ್ಯನಿಗೂ ಒಂದೇ ಕಾಯಂ ನಂಬರು ಬಂದಿದೆ. ಯಾವ ಕಂಪನಿಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಹಣ ತುಂಬಿದರೆಂಬುದು ಅದರಲ್ಲಿ ಕಾಣುತ್ತದೆ. ಕೆಲಸ ಕೊಡುವವರು ಅದನ್ನು ನೋಡುತ್ತಾರೆ. ಸುಳ್ಳು ಪತ್ರ ಅಲ್ಲಿ ಬಯಲಾದರೆ ನಿಜವಾದ ವಿದ್ಯೆಯೂ ಮಣ್ಣುಪಾಲು. ಇನ್ನು ಗುತ್ತಿಗೆಗೆ ಸೇರುವ ಮೊದಲು ಕೇಳಬೇಕಾದದ್ದು: ಕಾಗದದ ಮೇಲೆ ಮಾಲಕರು ಯಾರು, ಏಜನ್ಸಿಯೋ ಕಂಪನಿಯೋ? ಭವಿಷ್ಯನಿಧಿ ಕಡಿಯುತ್ತಾರೆಯೇ? ಬಿಡಿಸಬೇಕಾದರೆ ಅವರು ಎಷ್ಟು ದಿನ ಮೊದಲು ಹೇಳುತ್ತಾರೆ, ಬಿಡಬೇಕಾದರೆ ನಾವು ಎಷ್ಟು ದಿನ ಮೊದಲು ಹೇಳಬೇಕು? ಇವೆರಡು ಅನೇಕ ವೇಳೆ ಒಂದೇ ಆಗಿರುವದಿಲ್ಲ. 2025 ರ ನವೆಂಬರ 21 ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕೆಲಸಗಾರರಿಗೆ ನೇಮಕಪತ್ರ ಕೊಡಲೇಬೇಕೆಂದು ಹೇಳುತ್ತವೆ. ಅದನ್ನು ಕೇಳುವದಕ್ಕೆ ಸಂಕೋಚ ಬೇಡ.

ಆ ನರಗುಂದದ ಹುಡುಗನ ಸಂಗತಿ ಏನಾಯಿತೆಂದು ನೀವು ಕೇಳುತ್ತೀರಿ. ಬಸ್ಸಿನಿಂದ ಇಳಿದ ರಾತ್ರಿಯೇ ನಾನು ಫೋನು ಮಾಡಿ, ಆಗ ಹೇಳದೆ ಉಳಿದದ್ದನ್ನು ಅವನಿಗೂ ಅವನ ತಂದೆಗೂ ಹೇಳಿದೆ. ತಂದೆ ಸುಮ್ಮನೆ ಕೇಳಿ, "ಒಂದೂವರಿ ವರ್ಷ ಮನ್ಯಾಗ ಕುಂತ ಕಲತ್ರ ಕಂತ ಯಾರ ತುಂಬ್ತಾರ್ರಿ, ಮಾಸ್ತರ್ರ?" ಎಂದರು. ನನ್ನ ಲೆಕ್ಕದಲ್ಲಿ ಅದು ಬಿಟ್ಟುಹೋಗಿತ್ತು. ಕೊನೆಗೆ ಹುಡುಗ ಎರಡೂ ಕೋರ್ಸು ಬಿಟ್ಟ. ಗದಗಿನಲ್ಲಿ ಪತ್ತಿನ ಸಂಘಗಳ ಲೆಕ್ಕದ ಸಾಫ್ಟವೇರ್ ನೋಡಿಕೊಳ್ಳುವ ಒಂದು ಸಣ್ಣ ಅಂಗಡಿಯಲ್ಲಿ ಹನ್ನೊಂದು ಸಾವಿರಕ್ಕೆ ಸೇರಿದ. ಹಗಲು ಪ್ರಿಂಟರು, ವೈರು, ಎಲ್ಲ. ರಾತ್ರಿ ಆ ಸಂಘಗಳ ಲೆಕ್ಕವನ್ನೇ ಇಟ್ಟುಕೊಂಡು ಎಸ್‌ಕ್ಯೂಎಲ್. ಕಂತಿನಲ್ಲಿ ಅರ್ಧ ಅವನು ತುಂಬುತ್ತಾನೆ, ಅರ್ಧ ಹೆಸರಿನ ಪೀಕು ತುಂಬುತ್ತದೆ.

ಮೊನ್ನೆ ಅವನಿಗೆ ಬೆಂಗಳೂರಿನಿಂದ ಒಂದು ಸಂದರ್ಶನ ಬಂದಿತ್ತು. ಜಾಹೀರಾತಿನಲ್ಲಿ ಒಂಬತ್ತು ವಿದ್ಯೆ. ಮುಕ್ಕಾಲು ತಾಸಿನ ಮಾತಿನಲ್ಲಿ ಅರ್ಧ ತಾಸು, ಒಂದು ಸಂಘದ ಬಡ್ಡಿಯ ಲೆಕ್ಕ ಯಾಕೆ ತಡವಾಗುತ್ತಿತ್ತು, ಅದನ್ನು ಅವನು ಹೇಗೆ ಕಂಡುಹಿಡಿದ ಎಂಬುದರ ಮೇಲೆಯೇ ಹೋಯಿತಂತೆ. ಉತ್ತರ ಇನ್ನೂ ಬಂದಿಲ್ಲ. ತಂದೆ ಅದೇ ನಿಲ್ದಾಣದಲ್ಲಿ ಮತ್ತೆ ಸಿಕ್ಕಿದ್ದರು. "ಕರದ್ರ ಕಳಸಲೇನ್ರಿ? ಇದೂ ಆರ ತಿಂಗಳದ್ದ ಐತಿ," ಎಂದರು. "ನೇಮಕಪತ್ರ ಯಾರ ಹೆಸರಲೆ ಬರತೈತಿ ಅಂತ ಮೊದಲ ಕೇಳಸ್ರಿ, ಅಣ್ಣಾರ," ಎಂದೆ. ಅವರು ಆ ಮಾತನ್ನು ಮಗನಿಗೆ ಹೇಳುವದಕ್ಕೆ ಅಲ್ಲಿಯೇ ಫೋನು ಹಚ್ಚಿದರು. ಅಷ್ಟರಲ್ಲಿ ರೋಣದ ಬಸ್ಸು ಬಂದಿತು.